256 ಬಿಟ್‌ಗಳ ಮರೆಯಲ್ಲಿ

ನಿಮ್ಮ ಸಂಸ್ಥೆಯ ವಿಪಿಎನ್ ಎಷ್ಟು ಭದ್ರ ಎಂದು ಯಾರನ್ನೇ ಕೇಳಿ, ಬರುವ ಉತ್ತರ ಒಂದೇ: ‘ಎಇಎಸ್-256 ಹಾಕಿದ್ದೇವೆ.’ ಟೆಂಡರ್ ದಾಖಲೆಯಲ್ಲಿ ಅದೇ ಸಾಲು, ಮಾರಾಟಗಾರರ ಸ್ಲೈಡಿನಲ್ಲಿ ಅದೇ ಸಾಲು, ಆಡಿಟ್ ವರದಿಯಲ್ಲಿ ಅದರ ಮುಂದೊಂದು ಟಿಕ್ ಗುರುತು. ‘ಮಿಲಿಟರಿ ದರ್ಜೆಯ ಎನ್‌ಕ್ರಿಪ್ಷನ್’ ಎಂಬ ಜಾಹೀರಾತಿನ ಮಾತು ಆಡಳಿತ ಮಂಡಳಿಯ ಸಭೆವರೆಗೂ ಹೋಗಿ ಕೂತಿದೆ. ಈ ಉತ್ತರ ಸುಳ್ಳಲ್ಲ. ಆದರೆ ಕೇಳಿದ ಪ್ರಶ್ನೆಗೆ ಇದು ಉತ್ತರವೇ ಅಲ್ಲ ಎಂಬುದು ನನ್ನ ವಾದ. ಎಇಎಸ್ ಅನ್ನು ಗಣಿತದಿಂದ ಮುರಿದು ಐಪಿಸೆಕ್ ವಿಪಿಎನ್ ಒಂದನ್ನು ಓದಿದ ಉದಾಹರಣೆ ಬಹಿರಂಗ ದಾಖಲೆಗಳಲ್ಲಿ ಒಂದೂ ಇಲ್ಲ. ಬಯಲಿಗೆ ಬಂದ ದೊಡ್ಡ ದಾಳಿಗಳು ಎಇಎಸ್ ಇರುವ ಕಡೆ ತಲೆಹಾಕಿಯೂ ನೋಡಿಲ್ಲ. ಕೀಲಿ ಹುಟ್ಟುವ ಜಾಗ, ಎದುರಿಗಿರುವವರು ಯಾರು ಎಂದು ಪರೀಕ್ಷಿಸುವ ಜಾಗ, ಇವೆರಡರಲ್ಲೇ ಅವು ಕೆಲಸ ಮುಗಿಸಿಕೊಂಡಿವೆ.

ಐಪಿಸೆಕ್‌ನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಪ್ಯಾಕೆಟ್ಟುಗಳನ್ನು ಗೂಢಲಿಪಿಗೆ ತಿರುಗಿಸಿ ಸಾಗಿಸುವುದು ಇಎಸ್‌ಪಿಯ ಕೆಲಸ. ಎಇಎಸ್ ಇರುವುದು ಅಲ್ಲಿ. ಎಇಎಸ್‌ಗೆ ಬೇಕಾದ ಕೀಲಿ ಮಾತ್ರ ಆಕಾಶದಿಂದ ಇಳಿಯುವುದಿಲ್ಲ. ಟನಲ್‌ನ ಎರಡು ತುದಿಗಳು ಯುಡಿಪಿ 500ನೇ ಪೋರ್ಟಿನಲ್ಲಿ ಮೊದಲು ಮಾತಿಗಿಳಿದು, ಡಿಫಿ-ಹೆಲ್ಮನ್ ವಿಧಾನದಲ್ಲಿ ಒಂದು ಗುಟ್ಟನ್ನು ಹುಟ್ಟಿಸಿಕೊಂಡು, ಪರಸ್ಪರ ಗುರುತು ತೋರಿಸಬೇಕು. ಇದು ಐಕೆಇಯ ಕೆಲಸ. ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ 1976ರಲ್ಲಿ ಪ್ರಕಟಿಸಿದ ಉಪಾಯ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ: ಎಲ್ಲರಿಗೂ ಕೇಳುವಂತೆ ಮಾತಾಡಿಕೊಂಡೇ ಇಬ್ಬರು ಮೂರನೆಯವರಿಗೆ ತಿಳಿಯದ ಒಂದು ಸಂಖ್ಯೆಯನ್ನು ಮುಟ್ಟಬಹುದು. ಅದರ ಮಿತಿಯೂ ಅಷ್ಟೇ ಸ್ಪಷ್ಟ. ಆ ಸಂಖ್ಯೆಯನ್ನು ನೀವು ಯಾರ ಜೊತೆ ಹಂಚಿಕೊಂಡಿರಿ ಎಂದು ಅದು ಹೇಳುವುದಿಲ್ಲ. ನಡುವೆ ಸೇರಿಕೊಂಡವನೊಬ್ಬ ಈ ಕಡೆಯವರೊಂದಿಗೆ ಒಂದು ಗುಟ್ಟು, ಆ ಕಡೆಯವರೊಂದಿಗೆ ಇನ್ನೊಂದು ಗುಟ್ಟು ಮಾಡಿಕೊಂಡರೆ ಎರಡೂ ಕಡೆ 256 ಬಿಟ್‌ನ ಎಇಎಸ್ ಚೆನ್ನಾಗಿಯೇ ನಡೆಯುತ್ತದೆ; ಅವನು ಎಲ್ಲವನ್ನೂ ಓದುತ್ತಾನೆ. ಆದ್ದರಿಂದ ಗುರುತಿನ ಪರೀಕ್ಷೆಯನ್ನು ಎನ್‌ಕ್ರಿಪ್ಷನ್‌ಗೆ ಅಂಟಿಸಿದ ಹೆಚ್ಚುವರಿ ಸೌಲಭ್ಯ ಎಂದು ಭಾವಿಸುವುದು ತಪ್ಪು. ಅದಿಲ್ಲದಿದ್ದರೆ ಎನ್‌ಕ್ರಿಪ್ಷನ್ ಯಾರಿಂದ ಮುಚ್ಚಿಡುತ್ತಿದೆ, ಯಾರಿಗೆ ತೆರೆದಿಡುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ.

ಎರಡು ಕಂಪನಿಗಳ ನಡುವೆ ಟನಲ್ ಕಟ್ಟುವಾಗ ಒಂದು ಎಕ್ಸೆಲ್ ಹಾಳೆ ಓಡಾಡುತ್ತದೆ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡಿದ ನೆಟ್‌ವರ್ಕ್ ಇಂಜಿನಿಯರುಗಳಿಗೆ ಅದರ ಪರಿಚಯ ಚೆನ್ನಾಗಿಯೇ ಇದೆ. ಎಡಗಡೆ ನಮ್ಮ ಗೇಟ್‌ವೇ ಐಪಿ, ಬಲಗಡೆ ಅವರದು. ಕೆಳಗೆ ಫೇಸ್ 1, ಅಂದರೆ ಐಕೆಇಯ ಮಾತುಕತೆ: ಎನ್‌ಕ್ರಿಪ್ಷನ್ ಎಇಎಸ್-256, ಹ್ಯಾಶ್ ಎಸ್‌ಎಚ್‌ಎ-1, ಡಿಎಚ್ ಗ್ರೂಪ್ 2, ಲೈಫ್‌ಟೈಮ್ 86400 ಸೆಕೆಂಡ್, ಅಥೆಂಟಿಕೇಷನ್ ಪಿಎಸ್‌ಕೆ. ಅದರ ಕೆಳಗೆ ಫೇಸ್ 2, ಅಂದರೆ ಇಎಸ್‌ಪಿ: ಮತ್ತೆ ಎಇಎಸ್-256, ಪಿಎಫ್‌ಎಸ್ (ಫೇಸ್ 2ಕ್ಕೂ ಹೊಸದಾಗಿ ಡಿಫಿ-ಹೆಲ್ಮನ್ ನಡೆಸುವುದು) ಇಲ್ಲ. ಪಿಎಸ್‌ಕೆ ಎಂದರೆ ಪ್ರಿ-ಶೇರ್ಡ್ ಕೀ, ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡ ಗುಟ್ಟು. ಆ ಕೋಶದಲ್ಲಿ ‘ಫೋನಿನಲ್ಲಿ ತಿಳಿಸಲಾಗುವುದು’ ಎಂದಿರುತ್ತದೆ. ಫೋನಿನಲ್ಲಿ ಹೇಳಬೇಕಾದ್ದರಿಂದಲೇ ಅದು ಫೋನಿನಲ್ಲಿ ಹೇಳಲು ಬರುವಂಥ ಪದವಾಗಿಬಿಡುತ್ತದೆ: ಕಂಪನಿಯ ಹೆಸರು, ಒಂದು ‘ಅಟ್’ ಚಿಹ್ನೆ, ಇಸವಿ. ಚೇಂಜ್ ವಿಂಡೋ ಮುಗಿಯುತ್ತ ಬಂದಿದೆ, ಫೇಸ್ 1 ಆಗುತ್ತಿಲ್ಲ, ಆ ಕಡೆಯವರು ‘ಸದ್ಯಕ್ಕೆ ಸುಲಭವಾದ್ದು ಹಾಕಿ ಸರ್, ಆಮೇಲೆ ಬದಲಾಯಿಸೋಣ’ ಎನ್ನುತ್ತಾರೆ. ಟನಲ್ ಅಪ್ ಆಗುತ್ತದೆ. ಎಲ್ಲರೂ ಮನೆಗೆ ಹೋಗುತ್ತಾರೆ. ಆ ‘ಆಮೇಲೆ’ ಬಂದದ್ದನ್ನು ನಾನು ಕಂಡದ್ದು ತೀರಾ ಅಪರೂಪ.

ಈ ಹಾಳೆಯ ಎಇಎಸ್ ಸಾಲನ್ನು ಮಾತ್ರ ಓದಿ ಟನಲ್ ಭದ್ರ ಎನ್ನುವವರು ಕೆರೆಯ ಏರಿಯನ್ನು ಎತ್ತರಿಸಿ ತೂಬನ್ನು ತೆರೆದಿಟ್ಟಿದ್ದಾರೆ. ಉಳಿದ ಸಾಲುಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ. ಅತ್ಯಂತ ಕೆಟ್ಟದ್ದು ಪಿಎಸ್‌ಕೆಯದು, ಅಲ್ಲಿಂದಲೇ.

ಐಕೆಇಯ ಮೊದಲ ಆವೃತ್ತಿ 1998ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 2409 ಎಂಬ ಮಾನಕ ದಾಖಲೆಯಾಗಿ ಬಂತು. ಅದರಲ್ಲಿ ಮಾತುಕತೆಗೆ ಎರಡು ಕ್ರಮ: ಆರು ಸಂದೇಶಗಳ ಮೇನ್ ಮೋಡ್, ಮೂರೇ ಸಂದೇಶಗಳ ಅಗ್ರೆಸಿವ್ ಮೋಡ್. ಪಿಎಸ್‌ಕೆ ಹಾಕಿದ ಮೇನ್ ಮೋಡ್‌ನಲ್ಲಿ ಎದುರಿನವರನ್ನು ಅವರ ಐಪಿ ವಿಳಾಸದಿಂದಲೇ ಗುರುತಿಸಬೇಕು. ಮನೆಯಿಂದ, ಹೋಟೆಲಿನಿಂದ ಕೆಲಸ ಮಾಡುವವರ ವಿಳಾಸ ದಿನಕ್ಕೊಂದು. ಹಾಗಾಗಿ ರಿಮೋಟ್ ವಿಪಿಎನ್‌ಗಳಿಗೆ ಅಗ್ರೆಸಿವ್ ಮೋಡೇ ರೂಢಿಯಾಯಿತು. ಅದರಲ್ಲಿ ಆಗುವುದು ಇಷ್ಟು. ಹೊರಗಿನವನೊಬ್ಬ ಗೇಟ್‌ವೇಗೆ ಮೊದಲ ಸಂದೇಶ ಕಳಿಸುತ್ತಾನೆ: ತನ್ನ ಡಿಫಿ-ಹೆಲ್ಮನ್ ಸಂಖ್ಯೆ, ನಾನ್ಸ್ ಎಂಬ ಒಂದು ಯಾದೃಚ್ಛಿಕ ಸಂಖ್ಯೆ, ಮತ್ತು ಒಂದು ಬಳಕೆದಾರರ ಗ್ರೂಪಿನ ಹೆಸರು. ಆ ಹೆಸರು ಸರಿಯಿದ್ದರೆ ಗೇಟ್‌ವೇ ಎರಡನೇ ಸಂದೇಶದಲ್ಲಿ ತನ್ನ ಸಂಖ್ಯೆಗಳ ಜೊತೆಗೆ ‘ನಾನೇ ಗೇಟ್‌ವೇ’ ಎಂದು ಸಾಬೀತುಪಡಿಸುವ ಒಂದು ಹ್ಯಾಶನ್ನೂ ಕಳಿಸುತ್ತದೆ, ಯಾವ ಎನ್‌ಕ್ರಿಪ್ಷನ್ನೂ ಇಲ್ಲದೆ. ಆ ಹ್ಯಾಶಿಗೆ ಸೇರಿದ ಪ್ರತಿ ಸಂಖ್ಯೆಯೂ ಕೇಳಿದವನಿಗೆ ಆಗಲೇ ಗೊತ್ತು, ಪಿಎಸ್‌ಕೆ ಒಂದನ್ನು ಬಿಟ್ಟು. ಅವನು ಮೂರನೇ ಸಂದೇಶ ಕಳಿಸಬೇಕಾಗಿಯೇ ಇಲ್ಲ. ತನ್ನ ಯಂತ್ರದ ಮುಂದೆ ಕೂತು ಒಂದೊಂದು ಪದವನ್ನೂ ಪಿಎಸ್‌ಕೆ ಎಂದು ಊಹಿಸಿ, ಹ್ಯಾಶ್ ಲೆಕ್ಕ ಹಾಕಿ, ಬಂದ ಹ್ಯಾಶಿನೊಂದಿಗೆ ತಾಳೆ ನೋಡಿದರೆ ಆಯಿತು. ಗೇಟ್‌ವೇಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಊಹೆಗಳು ಅದರ ಬಳಿಗೆ ಬರುತ್ತಿಲ್ಲ.

ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಪಿಎಸ್‌ಕೆ ಎಂದಿಟ್ಟುಕೊಳ್ಳಿ. ಸಾಧ್ಯತೆಗಳು ಸುಮಾರು 20,900 ಕೋಟಿ. ಸೆಕೆಂಡಿಗೆ ನೂರು ಕೋಟಿ ಊಹೆ ಮಾಡುವ ಗ್ರಾಫಿಕ್ಸ್ ಕಾರ್ಡಿಗೆ ಇದು ಮೂರೂವರೆ ನಿಮಿಷದ ಕೆಲಸ. ನಿಘಂಟಿನ ಪದವಾದರೆ ಅಷ್ಟೂ ಬೇಡ. ಈ ದೌರ್ಬಲ್ಯ 1999ರಷ್ಟು ಹಿಂದೆಯೇ ಬಯಲಿಗೆ ಬಂದಿದೆ; ಇದನ್ನು ಪರೀಕ್ಷಿಸುವ ಐಕೆಇ-ಸ್ಕ್ಯಾನ್‌ನಂಥ ಉಪಕರಣಗಳು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳುವಂತಿವೆ. ಇದರ ಎದುರು ಎಇಎಸ್‌ನ 256 ಬಿಟ್‌ಗಳು ಏನು ಮಾಡಬಲ್ಲವು? ಆ ಹಂತದಲ್ಲಿ ಎಇಎಸ್ ಇನ್ನೂ ಶುರುವೇ ಆಗಿಲ್ಲ.

ರಿಮೋಟ್ ವಿಪಿಎನ್‌ನಲ್ಲಿ ಇನ್ನೂ ಒಂದು ಕೇಡಿದೆ. ಗ್ರೂಪಿನ ಗುಟ್ಟು ಸಾವಿರ ಉದ್ಯೋಗಿಗಳ ಲ್ಯಾಪ್‌ಟಾಪಿನಲ್ಲೂ ಒಂದೇ. ಅದನ್ನು ಬಲ್ಲ ಯಾರೇ ಆಗಲಿ, ಕೆಲಸ ಬಿಟ್ಟು ಹೋದವರೂ ಸೇರಿ, ಕಾಫಿ ಅಂಗಡಿಯ ವೈಫೈನಲ್ಲಿ ಕೂತು ತಾವೇ ಕಂಪನಿಯ ಗೇಟ್‌ವೇ ಎಂದು ನಟಿಸಬಹುದು. ಪಕ್ಕದ ಮೇಜಿನ ಸಹೋದ್ಯೋಗಿಯ ಲ್ಯಾಪ್‌ಟಾಪ್ ಅದನ್ನು ನಂಬುತ್ತದೆ. ಬಳಕೆದಾರರ ಗುರುತು ಕೇಳುವ ಎಕ್ಸ್‌ಆತ್ ಹಂತದಲ್ಲಿ ತನ್ನ ಹೆಸರು, ಪಾಸ್‌ವರ್ಡ್ ಎರಡನ್ನೂ ಒಪ್ಪಿಸುತ್ತದೆ. ಎಇಎಸ್‌ನಲ್ಲಿ ಸುತ್ತಿಯೇ ಒಪ್ಪಿಸುತ್ತದೆ.

‘ಇದೆಲ್ಲ ಹಳೆಯ ಕಥೆ, ನಾವು ಐಕೆಇ 2ಕ್ಕೆ ಬಂದಾಗಿದೆ’ ಎನ್ನುವವರಿದ್ದಾರೆ. ಬಂದದ್ದು ಒಳ್ಳೆಯದೇ. ಆವೃತ್ತಿ 2ರಲ್ಲಿ ಅಗ್ರೆಸಿವ್ ಮೋಡ್ ಇಲ್ಲ, ಸುಮ್ಮನೆ ಒಂದು ಸಂದೇಶ ಕಳಿಸಿ ಹ್ಯಾಶ್ ಗಿಟ್ಟಿಸುವ ದಾರಿ ಮುಚ್ಚಿದೆ. ಆದರೆ ಅಲ್ಲಿ ಮೊದಲು ಗುರುತು ತೋರಿಸಬೇಕಾದದ್ದು ಕರೆ ಮಾಡಿದ ಕಡೆಯವರು. ಗೇಟ್‌ವೇಯ ವೇಷ ಹಾಕಿ ನಡುವೆ ನಿಂತವನು ಅವರೊಂದಿಗೆ ಡಿಫಿ-ಹೆಲ್ಮನ್ ಮುಗಿಸಿ, ಅವರು ಕಳಿಸಿದ ಗುರುತಿನ ಸಂದೇಶವನ್ನು ಬಿಡಿಸಿಟ್ಟುಕೊಂಡು ಸಂಪರ್ಕ ಕಡಿದುಬಿಡಬಹುದು. ಆ ಸಂದೇಶದೊಳಗಿನ ಮೊಹರು ಹುಟ್ಟಿದ್ದು ಪಿಎಸ್‌ಕೆಯಿಂದ. ಅಲ್ಲಿಂದ ಮುಂದೆ ಮತ್ತದೇ ಊಹೆಯ ಆಟ. ಜರ್ಮನಿಯ ಬೋಖುಮ್ ಮತ್ತು ಪೋಲೆಂಡಿನ ಒಪೋಲೆ ವಿಶ್ವವಿದ್ಯಾಲಯಗಳ ಸಂಶೋಧಕರು 2018ರ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಇದನ್ನು ಐಕೆಇಯ ಎರಡೂ ಆವೃತ್ತಿಗಳ ಪಿಎಸ್‌ಕೆಗೆ ಅನ್ವಯಿಸಿ ತೋರಿಸಿದರು. ಮನುಷ್ಯರು ಆರಿಸಿದ ಪಾಸ್‌ವರ್ಡನ್ನು ಹಾಗೇ ಪಿಎಸ್‌ಕೆಯಾಗಿ ಬಳಸುವುದು ಅಪಾಯ ಎಂಬ ಎಚ್ಚರಿಕೆ ಐಕೆಇ 2ರ ಈಗಿನ ಮಾನಕವಾದ 2014ರ ಆರ್‌ಎಫ್‌ಸಿ 7296ರಲ್ಲೇ ಇದೆ. ಮಾನಕ ಬರೆದವರು ಹೇಳಿದ್ದಾರೆ; ಹಾಳೆ ತುಂಬುವವರು ಓದಿಲ್ಲ.

ಪಿಎಸ್‌ಕೆ ಎಂಬುದನ್ನೇ ನಾನು ದೂರುತ್ತಿಲ್ಲ. ಯಂತ್ರ ಆರಿಸಿದ 32 ಅಕ್ಷರಗಳ, ಒಂದು ಟನಲ್‌ಗೆ ಒಂದೇ ಆದ ಪಿಎಸ್‌ಕೆಯನ್ನು ಯಾವ ಗ್ರಾಫಿಕ್ಸ್ ಕಾರ್ಡೂ ಊಹಿಸಲಾರದು. ದೂರು ಇರುವುದು ನಲವತ್ತು ಶಾಖೆಗಳಿಗೂ ಒಂದೇ ಗುಟ್ಟು ಕೊಡುವ ರೂಢಿಯ ಮೇಲೆ. ಹಾಗೆ ಕೊಟ್ಟಲ್ಲಿ ಒಂದು ಊರಿನ ರೌಟರ್ ಕಳುವಾದರೆ ಕದ್ದವನು ಉಳಿದ ಯಾವ ಶಾಖೆಯ ಸೋಗನ್ನಾದರೂ ಹಾಕಬಲ್ಲ. ಪರದೆಯ ಮೇಲೆ ನಕ್ಷತ್ರ ಚಿಹ್ನೆಗಳಾಗಿ ಕಾಣುವ ಪಿಎಸ್‌ಕೆ ಕಾನ್ಫಿಗರೇಷನ್ ಬ್ಯಾಕಪ್ಪಿನ ಕಡತದಲ್ಲಿ ಎಷ್ಟೋ ಸಲ ಬಿಡಿ ಅಕ್ಷರಗಳಲ್ಲೇ ಇರುತ್ತದೆ, ಆ ಕಡತ ಇಮೇಲ್‌ನಲ್ಲಿ ಸುತ್ತಾಡುತ್ತಿರುತ್ತದೆ. ಸರ್ಟಿಫಿಕೇಟ್ ಬಳಸಿ ಎಂದರೆ ‘ಅವಧಿ ಮುಗಿದ ದಿನ ಟನಲ್ ಬೀಳುತ್ತದೆ’ ಎಂಬ ಹೆದರಿಕೆ. ಪಿಎಸ್‌ಕೆಗೆ ಅವಧಿಯೇ ಇಲ್ಲ, ಅದಕ್ಕೇ ಅದು ಎಲ್ಲರಿಗೂ ಪ್ರಿಯ. ಹತ್ತು ವರ್ಷದ ಹಿಂದೆ ಅದನ್ನು ಫೋನಿನಲ್ಲಿ ಕೇಳಿಸಿಕೊಂಡವರು ಇಂದು ಎಲ್ಲಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲ. ಸರ್ಟಿಫಿಕೇಟ್ ಸತ್ತಾಗ ಕೆಲಸ ನಿಲ್ಲುತ್ತದೆ, ಸಿಟ್ಟಿನ ಫೋನುಗಳು ಬರುತ್ತವೆ. ಸೋರಿದ ಪಿಎಸ್‌ಕೆಗೆ ಯಾವ ಫೋನೂ ಬರುವುದಿಲ್ಲ. ಕಾಣುವ ತೊಂದರೆಗೆ ಹೆದರಿ ಕಾಣದ ತೊಂದರೆಯನ್ನು ಆರಿಸಿಕೊಳ್ಳುವ ಈ ಲೆಕ್ಕಾಚಾರವನ್ನು ನಾನು ಒಪ್ಪಲಾರೆ.

ಇನ್ನು ಡಿಎಚ್ ಗ್ರೂಪ್. ಗ್ರೂಪ್ 2 ಎಂದರೆ 1024 ಬಿಟ್‌ನ ಒಂದು ನಿಗದಿತ ಅವಿಭಾಜ್ಯ ಸಂಖ್ಯೆ. ಅದರೊಳಗೆ ಗುಪ್ತ ಸಂಚೇನೂ ಇಲ್ಲವೆಂದು ಎಲ್ಲರೂ ನಂಬಲಿ ಎಂದೇ ಅದನ್ನು ಪೈ ಸಂಖ್ಯೆಯ ಅಂಕಿಗಳಿಂದ ಕಟ್ಟಿದ್ದರು. ಉದ್ದೇಶ ಪ್ರಾಮಾಣಿಕ. ಆದರೆ ಜಗತ್ತೆಲ್ಲ ಆ ಒಂದೇ ಸಂಖ್ಯೆಯನ್ನು ಬಳಸಿತು. ಡೇವಿಡ್ ಏಡ್ರಿಯನ್ ಮತ್ತು ಸಂಗಡಿಗರು 2015ರಲ್ಲಿ ಲಾಗ್‌ಜ್ಯಾಮ್ ಎಂದು ಹೆಸರಾದ ಪ್ರಬಂಧದಲ್ಲಿ ಇದರ ಪರಿಣಾಮವನ್ನು ಲೆಕ್ಕ ಹಾಕಿದರು. ಇಂಥ ಸಂಖ್ಯೆಯ ಮೇಲಿನ ದಾಳಿಯಲ್ಲಿ ಬಹುಪಾಲು ಶ್ರಮವನ್ನು ಒಮ್ಮೆ ಪಟ್ಟರೆ ಸಾಕು. ಆಮೇಲೆ ಆ ಸಂಖ್ಯೆ ಬಳಸುವ ಒಂದೊಂದು ಸಂಪರ್ಕವನ್ನೂ ಅಗ್ಗವಾಗಿ ಬಿಡಿಸಬಹುದು. ಕೆಲವು ನೂರು ದಶಲಕ್ಷ ಡಾಲರು ಖರ್ಚು ಮಾಡಬಲ್ಲ ಒಂದು ಸರ್ಕಾರಕ್ಕೆ ಆ ಮೊದಲ ಶ್ರಮ ಎಟುಕುವಂಥದ್ದು. ಗ್ರೂಪ್ 2ರ ಆ ಒಂದು ಸಂಖ್ಯೆಗೆ ಅದನ್ನು ಮಾಡಿದರೆ ಅವರು ಪರೀಕ್ಷಿಸಿದ ವಿಪಿಎನ್ ಸರ್ವರುಗಳಲ್ಲಿ ಶೇಕಡಾ 66 ಸರ್ವರುಗಳ ಸಂಪರ್ಕವನ್ನು ತೆಪ್ಪಗೆ ಕೂತು ಓದಬಹುದಿತ್ತು.

ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕೊಟ್ಟ ತೂಕದ ಪಟ್ಟಿಯಲ್ಲಿ 1024 ಬಿಟ್‌ನ ಡಿಫಿ-ಹೆಲ್ಮನ್‌ಗೆ 80 ಬಿಟ್‌ನ ಬಲ, 2048ಕ್ಕೆ 112, 3072ಕ್ಕೆ 128. ಎಇಎಸ್-256ಕ್ಕೆ ಸರಿಸಮ ಬೇಕೆಂದರೆ 15360 ಬಿಟ್ ಆಗಬೇಕು. ಅಂದರೆ ಎಇಎಸ್-256ರ ಪಕ್ಕದಲ್ಲಿ ಗ್ರೂಪ್ 2 ಬರೆದ ದಿನವೇ ಆ ಟನಲ್ 80 ಬಿಟ್‌ನ ಟನಲ್ ಆಯಿತು. 80 ಎಂದರೆ 256ರ ಮೂರನೇ ಒಂದು ಭಾಗ ಎಂದು ತಿಳಿಯಬೇಡಿ: ಒಂದೊಂದು ಬಿಟ್ ಕಳೆದಾಗಲೂ ಬಲ ಅರ್ಧಕ್ಕೆ ಇಳಿಯುತ್ತದೆ, ಇಲ್ಲಿ 176 ಸಲ ಅರ್ಧವಾಗಿದೆ. ಎಇಎಸ್-128 ಹಾಕಿ ಗ್ರೂಪ್ 19 ಅಥವಾ 20 ಕೊಟ್ಟ ಟನಲ್ ಇದಕ್ಕಿಂತ ಎಷ್ಟೋ ಪಾಲು ಗಟ್ಟಿ. ಆದರೆ ಆಡಿಟ್ ಹಾಳೆಯಲ್ಲಿ ಅದಕ್ಕೆ ಅಂಕ ಕಡಿಮೆ! ಐಕೆಇ 2ರಲ್ಲಿ ಗ್ರೂಪ್ 2 ಬಳಸಬಾರದು ಎಂದು 2017ರ ಆರ್‌ಎಫ್‌ಸಿ 8247 ಸಲಹೆ ಕೊಟ್ಟಿದೆ, ಗ್ರೂಪ್ 1 ಅನ್ನಂತೂ ನಿಷೇಧಿಸಿದೆ. ಗ್ರೂಪ್ 1ರ ಗಾತ್ರದ, ಅಂದರೆ 768 ಬಿಟ್‌ನ ಲೆಕ್ಕವನ್ನು ವಿಶ್ವವಿದ್ಯಾಲಯದ ಸಂಶೋಧಕರೇ 2016ರಲ್ಲಿ ಬಿಡಿಸಿ ತೋರಿಸಿದ್ದಾರೆ.

ನನ್ನ ವಾದಕ್ಕೆ ಒಂದೇ ಸಾಕ್ಷಿ ಕೊಡಿ ಎಂದರೆ ನಾನು ಕೊಡುವುದು ಜುನಿಪರ್ ಪ್ರಕರಣವನ್ನು. 2015ರ ಡಿಸೆಂಬರ್ 17ರಂದು ಜುನಿಪರ್ ನೆಟ್‌ವರ್ಕ್ಸ್ ಕಂಪನಿ ತನ್ನ ನೆಟ್‌ಸ್ಕ್ರೀನ್ ಫೈರ್‌ವಾಲ್‌ಗಳ ಸ್ಕ್ರೀನ್‌ಓಎಸ್ ತಂತ್ರಾಂಶದಲ್ಲಿ ತಾನು ಅನುಮತಿಸದ ಕೋಡ್ ಸೇರಿಕೊಂಡಿದೆ ಎಂದು ಪ್ರಕಟಿಸಿತು. ಅದರಿಂದ ವಿಪಿಎನ್ ಸಂಚಾರವನ್ನು ಬಿಡಿಸಿ ಓದಲು ಸಾಧ್ಯವಿತ್ತು. ಸ್ಟೀಫನ್ ಚೆಕೊವೇ ಮತ್ತು ಇತರರು 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಆದದ್ದೇನೆಂದು ಎಳೆಎಳೆಯಾಗಿ ಬಿಡಿಸಿಟ್ಟಿದೆ. ಆ ಫೈರ್‌ವಾಲ್‌ಗಳು ಯಾದೃಚ್ಛಿಕ ಸಂಖ್ಯೆಗಳಿಗಾಗಿ ಡ್ಯುಯಲ್ ಇಸಿ ಎಂಬ ವಿಧಾನವನ್ನು ಬಳಸುತ್ತಿದ್ದವು. ಅದರಲ್ಲಿ ಕ್ಯೂ ಎಂಬ ಒಂದು ಸ್ಥಿರಾಂಕವನ್ನು ಆರಿಸಿದವರು ಜಾಣತನದಿಂದ ಆರಿಸಿದ್ದರೆ ಮುಂದೆ ಬರುವ ಸಂಖ್ಯೆಗಳನ್ನೆಲ್ಲ ಮೊದಲೇ ತಿಳಿಯಬಹುದೆಂದು ಡ್ಯಾನ್ ಶುಮೋ ಮತ್ತು ನೀಲ್ಸ್ ಫರ್ಗ್ಯುಸನ್ 2007ರಲ್ಲೇ ತೋರಿಸಿದ್ದರು. 2012ರಲ್ಲಿ ಯಾರೋ ಒಳನುಗ್ಗಿ ಬದಲಿಸಿದ್ದು ಆ ಸ್ಥಿರಾಂಕವನ್ನು. ಎಇಎಸ್ ಕೋಡನ್ನು ಮುಟ್ಟಲಿಲ್ಲ, ಮುಟ್ಟುವ ಅಗತ್ಯವೂ ಇರಲಿಲ್ಲ.

ಆ ಒಂದು ಬದಲಾವಣೆ ಸಾಕಾದದ್ದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಐಕೆಇ ಮಾತುಕತೆಯಲ್ಲಿ ಎರಡೂ ಕಡೆಯವರು ಒಂದೊಂದು ನಾನ್ಸ್ ಕಳಿಸುತ್ತಾರೆ, ಬಯಲಾಗಿಯೇ. ಮಾನಕವೇ ಹಾಗೆ ಹೇಳುತ್ತದೆ. ಸ್ಕ್ರೀನ್‌ಓಎಸ್‌ನ 6.2 ಆವೃತ್ತಿಯಲ್ಲಿ ಡ್ಯುಯಲ್ ಇಸಿ ಬಂದಾಗಲೇ ನಾನ್ಸ್‌ನ ಉದ್ದವೂ 20 ಬೈಟ್‌ನಿಂದ 32 ಬೈಟ್‌ಗೆ ಏರಿತ್ತು. ಡ್ಯುಯಲ್ ಇಸಿ ಒಂದು ಸಲಕ್ಕೆ ಹೊರಬಿಡುವುದು 30 ಬೈಟ್. ಅಂದರೆ ಒಳಗಿನ ಸ್ಥಿತಿಯನ್ನು ಕಂಡುಹಿಡಿಯಲು ಬೇಕಾದಷ್ಟೂ ಸಾಮಗ್ರಿ ಆ ಒಂದು ನಾನ್ಸ್‌ನಲ್ಲೇ ತಂತಿಯ ಮೇಲೆ ಹರಿಯುತ್ತಿತ್ತು. ಡ್ಯುಯಲ್ ಇಸಿಯ ಫಲಿತವನ್ನು ಇನ್ನೊಂದು ವಿಧಾನದಲ್ಲಿ ಸೋಸಿಯೇ ಬಳಸುತ್ತೇವೆ ಎಂದು ಕಂಪನಿ ಹೇಳಿಕೊಂಡಿತ್ತು. ಲೂಪ್ ಎಣಿಕೆಯ ಒಂದು ಗ್ಲೋಬಲ್ ವೇರಿಯಬಲ್‌ನ ದೋಷದಿಂದ ಆ ಸೋಸುವ ಕೆಲಸ ನಡೆಯುತ್ತಲೇ ಇರಲಿಲ್ಲ. ನಾನ್ಸ್‌ನಿಂದ ಸ್ಥಿತಿ, ಸ್ಥಿತಿಯಿಂದ ಡಿಫಿ-ಹೆಲ್ಮನ್‌ನ ಗುಟ್ಟು ಸಂಖ್ಯೆ, ಅದರಿಂದ ಎಇಎಸ್ ಕೀಲಿ. ಕದ್ದು ಕೇಳುವವರ ಕೈಗೆ 256 ಬಿಟ್ಟೂ ಪೂರ್ತಿಯಾಗಿ ಬರುವಂತಿದ್ದವು. ಐಕೆಇ 1ರಲ್ಲಿ ಪಿಎಸ್‌ಕೆ ಬಳಸಿದ್ದವರ ಮಟ್ಟಿಗೆ ಮಾತ್ರ ಆ ಪಿಎಸ್‌ಕೆಯೂ ಗೊತ್ತಿರಬೇಕಿತ್ತು, ಏಕೆಂದರೆ ಅಲ್ಲಿ ಕೀಲಿಯ ಲೆಕ್ಕದಲ್ಲಿ ಅದೂ ಸೇರುತ್ತದೆ. ಹಾಳೆಯ ಪಿಎಸ್‌ಕೆ ಸಾಲಿನಲ್ಲಿ ದುರ್ಬಲ ಪದ ಬರೆದಿದ್ದವರು ಆ ಕೊನೆಯ ಅಡ್ಡಿಯನ್ನೂ ತಾವೇ ತೆಗೆದಿದ್ದರು.

ಪ್ಯಾಕೆಟ್‌ಗಳ ಮಟ್ಟದಲ್ಲೂ ಇದೇ ಪಾಠ ಸಿಕ್ಕಿದೆ. ಎನ್‌ಕ್ರಿಪ್ಷನ್ ಇದ್ದು, ಪ್ಯಾಕೆಟ್ ದಾರಿಯಲ್ಲಿ ಬದಲಾಗಿಲ್ಲ ಎಂಬ ಖಾತ್ರಿ ಇಲ್ಲದಿದ್ದರೆ ಅಪಾಯವೆಂದು ಸ್ಟೀವನ್ ಬೆಲೊವಿನ್ 1996ರಲ್ಲೇ ಬರೆದರು. ಕೆನ್ನಿ ಪ್ಯಾಟರ್ಸನ್ ಮತ್ತು ಅರ್ನಾಲ್ಡ್ ಯಾವ್ 2006ರಲ್ಲಿ ಲಿನಕ್ಸ್‌ನ ಐಪಿಸೆಕ್ ಮೇಲೆ ಅಂಥ ದಾಳಿಯನ್ನು ನಡೆಸಿಯೇ ತೋರಿಸಿದರು: ಕೀಲಿ ಗೊತ್ತಿಲ್ಲದೆಯೇ ಬಿಟ್‌ಗಳನ್ನು ತಿರುಚಿ, ಬಂದ ದೋಷಸಂದೇಶಗಳಿಂದ ಒಳಗಿನದನ್ನು ಓದಿದರು. ಖಾತ್ರಿಯಿಲ್ಲದ ಎನ್‌ಕ್ರಿಪ್ಷನ್ ಕೂಡದು ಎಂದು 2017ರ ಆರ್‌ಎಫ್‌ಸಿ 8221 ಈಗ ಕಟ್ಟುನಿಟ್ಟಾಗಿ ಹೇಳುತ್ತದೆ. ಎಇಎಸ್-ಜಿಸಿಎಂ ವಿಧಾನ ಎನ್‌ಕ್ರಿಪ್ಷನ್, ಖಾತ್ರಿ ಎರಡನ್ನೂ ಒಟ್ಟಿಗೆ ಮಾಡುವುದರಿಂದ ಹೊಸ ಟನಲ್‌ಗಳಲ್ಲಿ ಈ ತಪ್ಪು ಕಡಿಮೆಯಾಗಿದೆ.

ನನ್ನ ಎದುರು ಹೂಡುವ ವಾದಗಳಲ್ಲಿ ಗಟ್ಟಿಯಾದದ್ದು ಒಂದಿದೆ. ‘ನಿಜವಾದ ಕಳ್ಳರು ಡಿಫಿ-ಹೆಲ್ಮನ್ ಲೆಕ್ಕ ಮಾಡುತ್ತ ಕೂರುವುದಿಲ್ಲ. ಫಿಶಿಂಗ್ ಮೇಲ್ ಕಳಿಸುತ್ತಾರೆ, ಗೇಟ್‌ವೇ ತಂತ್ರಾಂಶದ ತೂತು ಹುಡುಕುತ್ತಾರೆ. ನಮ್ಮ ಸಮಯ ಅಲ್ಲಿಗೆ ಹೋಗಬೇಕು’ ಎಂಬುದು. ದಿನನಿತ್ಯದ ಕಳ್ಳರ ವಿಷಯದಲ್ಲಿ ಇದು ಸರಿ. ಪ್ಯಾಚ್ ಹಾಕುವುದನ್ನು ಬಿಟ್ಟು ಗ್ರೂಪ್ ಸಂಖ್ಯೆ ತಿದ್ದುತ್ತ ಕೂರಿ ಎಂದು ನಾನೂ ಹೇಳುವುದಿಲ್ಲ. ಆದರೆ ಈ ವಾದ ಹೂಡುವವರು ಅದೇ ಉಸಿರಿನಲ್ಲಿ ಎಇಎಸ್-256 ಅನ್ನು ತಮ್ಮ ಭದ್ರತೆಯ ಪುರಾವೆಯಾಗಿ ಮುಂದಿಡುತ್ತಾರೆ. ಯಾರೂ ಗೂಢಲಿಪಿಯನ್ನು ಬಿಡಿಸಲು ಬರುವುದಿಲ್ಲವಾದರೆ 128ರ ಬದಲು 256 ಏಕೆ ಬೇಕಿತ್ತು? ಬಿಡಿಸಲು ಬರುವವರು ಇದ್ದಾರಾದರೆ ಅವರು ಬರುವ ಕಡೆ ಏಕೆ ಕಾವಲಿಲ್ಲ? ಅಂಥವರು ಇದ್ದಾರೆಂಬುದಕ್ಕೆ 2014ರ ಡಿಸೆಂಬರ್‌ನಲ್ಲಿ ಡೆರ್ ಶ್ಪೀಗಲ್ ಪತ್ರಿಕೆ ಪ್ರಕಟಿಸಿದ ಸ್ನೋಡೆನ್ ದಾಖಲೆಗಳೇ ಸಾಕ್ಷಿ. ವಿಪಿಎನ್ ಬಿಡಿಸಲು ಐಕೆಇ ಸಂದೇಶಗಳನ್ನು ಹಿಡಿದಿಡುವುದು, ಪಿಎಸ್‌ಕೆಗಳನ್ನು ಸಂಗ್ರಹಿಸುವುದು ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎಯ ಕ್ರಮವಾಗಿತ್ತು ಎಂದು ಅವು ತೋರಿಸಿದವು. ಅದೇ ಎನ್‌ಎಸ್‌ಎ 2020ರ ಜುಲೈನಲ್ಲಿ ತನ್ನ ದೇಶದವರಿಗೆ ಕೊಟ್ಟ ಐಪಿಸೆಕ್ ಸೂಚನೆಯಲ್ಲಿ ಗ್ರೂಪ್ 16 ಅಥವಾ 20 ಬಳಸಿ, ತಯಾರಕರು ಕೊಟ್ಟ ಡಿಫಾಲ್ಟ್‌ಗಳನ್ನು ನಂಬಬೇಡಿ, ಬಳಸದ ಹಳೆಯ ಆಯ್ಕೆಗಳನ್ನು ತೆಗೆದುಹಾಕಿ ಎಂದಿತು.

‘ನಡೆಯುತ್ತಿರುವ ಟನಲ್ ಮುಟ್ಟಿದರೆ ಬೀಳುತ್ತದೆ, ಆ ಕಡೆಯವರ ಸಾಧನ ಹಳೆಯದು’ ಎಂಬುದು ಇನ್ನೊಂದು ಮಾತು. ಕಷ್ಟ ನಿಜ. ಅದು ಟನಲ್ ತಿದ್ದಲು ಬೇಕಾದ ಸಮಯದ ಬಗ್ಗೆ ಹೇಳುವ ಮಾತು. ಅದನ್ನು ಭದ್ರ ಎಂದು ವರದಿ ಬರೆಯಲು ಅನುಮತಿಯಲ್ಲ. ತಿದ್ದಲಾಗದಿದ್ದರೆ ತಿದ್ದಲಾಗಿಲ್ಲ ಎಂದೇ ಬರೆಯಿರಿ.

ಈಗ ಇದೇ ನಂಬಿಕೆ ಹೊಸ ರೂಪದಲ್ಲಿ ಬರುತ್ತಿದೆ: ‘ಎಇಎಸ್-256 ಇರುವುದರಿಂದ ನಮ್ಮ ವಿಪಿಎನ್ ಕ್ವಾಂಟಮ್ ಕಂಪ್ಯೂಟರಿಗೂ ಜಗ್ಗದು.’ ಅದರಲ್ಲಿ ಅರ್ಧ ಮಾತ್ರ ಸತ್ಯ. ಕ್ವಾಂಟಮ್ ಯಂತ್ರದೆದುರೂ ಎಇಎಸ್-256 ನಿಲ್ಲುತ್ತದೆ ಎಂದೇ ತಜ್ಞರ ಎಣಿಕೆ. ಆದರೆ ಪೀಟರ್ ಶೋರ್ 1994ರಲ್ಲಿ ಕೊಟ್ಟ ವಿಧಾನ ಉರುಳಿಸುವುದು ಡಿಫಿ-ಹೆಲ್ಮನ್ ಅನ್ನು. ಗ್ರೂಪ್ 2 ಇರಲಿ, 20 ಇರಲಿ. ಇಂದಿನ ಐಕೆಇ ಮಾತುಕತೆಯನ್ನೂ ಅದರ ನಂತರದ ಪ್ಯಾಕೆಟ್‌ಗಳನ್ನೂ ಹಿಡಿದಿಟ್ಟುಕೊಂಡವರು ಅಂಥ ಯಂತ್ರ ಬಂದ ದಿನ ಎಲ್ಲವನ್ನೂ ಓದುತ್ತಾರೆ. ಆಸ್ಪತ್ರೆಯ ದಾಖಲೆ, ಭೂ ದಾಖಲೆ, ಜನರ ಬೆರಳಚ್ಚು ಇಪ್ಪತ್ತು ವರ್ಷದಲ್ಲಿ ಹಳತಾಗುವುದಿಲ್ಲ. ಇದಕ್ಕೆ ಪರಿಹಾರಗಳೂ ಕೀಲಿ ವಿನಿಮಯದಲ್ಲೇ ಇವೆ: ಯಾದೃಚ್ಛಿಕವಾದ ಉದ್ದ ಗುಟ್ಟೊಂದನ್ನು ಕೀಲಿಯ ಲೆಕ್ಕಕ್ಕೆ ಬೆರೆಸುವ 2020ರ ಆರ್‌ಎಫ್‌ಸಿ 8784, ಒಂದಕ್ಕಿಂತ ಹೆಚ್ಚು ಕೀಲಿ ವಿನಿಮಯಗಳನ್ನು ಜೋಡಿಸುವ 2023ರ ಆರ್‌ಎಫ್‌ಸಿ 9370, ನಿಸ್ಟ್ 2024ರ ಆಗಸ್ಟ್‌ನಲ್ಲಿ ಅಂತಿಮಗೊಳಿಸಿದ, ಕ್ವಾಂಟಮ್ ಯಂತ್ರದೆದುರು ನಿಲ್ಲಲೆಂದೇ ರೂಪಿಸಿದ ಕೀಲಿ ವಿಧಾನ ಎಂಎಲ್-ಕೆಇಎಂ.

ಹಾಗಾಗಿ ಟೆಂಡರ್ ಬರೆಯುವವರಲ್ಲೂ ಆಡಿಟರುಗಳಲ್ಲೂ ನನ್ನ ಬೇಡಿಕೆ ಇದು. ಎಇಎಸ್ ಸಾಲನ್ನು ಹಾಳೆಯ ಕೊನೆಗೆ ಒಯ್ಯಿರಿ. ಮೊದಲು ಕೇಳಿ: ಐಕೆಇ ಯಾವ ಆವೃತ್ತಿ? ಆವೃತ್ತಿ 1 ಅನ್ನು 2023ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 9395 ಅಧಿಕೃತವಾಗಿ ಕೈಬಿಟ್ಟಿದೆ. ಹೊಸ ಟನಲ್‌ಗೆ ಅದನ್ನು ಒಪ್ಪಬೇಡಿ. ಯಾವ ಗ್ರೂಪ್, ಪಿಎಫ್‌ಎಸ್ ಇದೆಯೇ? ಗುರುತಿಗೆ ಏನು ಬಳಸಿದ್ದೀರಿ? ಸರ್ಟಿಫಿಕೇಟಾದರೆ ಎದುರಿನವರ ಹೆಸರನ್ನು ತಾಳೆ ನೋಡುತ್ತೀರೋ, ಅದೇ ಸಂಸ್ಥೆ ಕೊಟ್ಟ ಯಾವ ಸರ್ಟಿಫಿಕೇಟ್ ಬಂದರೂ ಬಿಡುತ್ತೀರೋ? ಪಿಎಸ್‌ಕೆಯಾದರೆ ಅದನ್ನು ಯಾವ ಯಂತ್ರ ಹುಟ್ಟಿಸಿತು, ಎಷ್ಟು ಟನಲ್‌ಗಳಲ್ಲಿದೆ, ಕೊನೆಯ ಸಲ ಬದಲಿಸಿದ ತಾರೀಖು ಯಾವುದು, ಆ ತಾರೀಖಿನ ನಂತರ ಕೆಲಸ ಬಿಟ್ಟವರಲ್ಲಿ ಅದನ್ನು ಬಲ್ಲವರು ಯಾರು ಯಾರು?